ಗೇಟಿಗೆ ಅಡ್ಡ ಹಿಡಿದ ಕೈ

ಜೂನ್ 20, 1983. ರಾಯಚೂರು

ತೀನ್ ಕಂದೀಲ್ ಹತ್ತಿರದ ಅಂಗಡಿಯಿಂದ ಎರಡು ನೋಟ್‌ಬುಕ್ ತಂದೆ. ಎರಡೂ ಒಂದೇ ನಮೂನೆ, ಕೆಂಪು ರಟ್ಟು. ಒಂದು ಲಿಫ್ಟಿನ ದಾಖಲೆ ಪುಸ್ತಕ. ಅದನ್ನು ಇಡಲೇಬೇಕೆಂದು ಗುಲಬರ್ಗಾದ ಇನ್ಸ್‌ಪೆಕ್ಟರ್ ಕಚೇರಿಯಿಂದ ಕಾಗದ ಬಂದಿದೆ. ಇನ್ನೊಂದು ಇದು. ಇದನ್ನು ಇಡು ಎಂದು ಯಾರೂ ಹೇಳಿಲ್ಲ. ಗುಂಜಹಳ್ಳಿ ಶಾಲೆಯಲ್ಲಿ ಮೇಷ್ಟ್ರು ನನ್ನ ಅಕ್ಷರ ನೋಡಿ, 'ತಾಯಣ್ಣನ ಕೈಲಿ ಬರೆಸಿದರೆ ಸುಳ್ಳೂ ನಿಜದ ಹಾಗೆ ಕಂಡೀತು' ಎಂದಿದ್ದರು. ಹನ್ನೊಂದು ವರ್ಷ ಗ್ರೀಸು, ವೈರು ಹಿಡಿದ ಮೇಲೂ ಆ ಅಕ್ಷರ ಉಳಿದಿದೆಯೇ ನೋಡೋಣ ಎಂದು ಶುರು ಮಾಡಿದ್ದೇನೆ. ಉಳಿದಿದೆ.

ಕಾಗದದ ಸಾರ ಇಷ್ಟು. ಆಸ್ಪತ್ರೆಯ ಲಿಫ್ಟಿಗೆ ಲೈಸೆನ್ಸ್ ಬೇಕು. ಅದನ್ನು ಮುಟ್ಟುವ ಮೆಕ್ಯಾನಿಕ್ಕಿಗೆ ಪರ್ಮಿಟ್ ಬೇಕು. ದೀಪಾವಳಿಯೊಳಗೆ ಎರಡೂ ಆಗದಿದ್ದರೆ ಲಿಫ್ಟಿಗೆ ಬೀಗ. ಈ ಕಾನೂನು ಬಂದು ಎಷ್ಟೋ ವರ್ಷವಾಯಿತಂತೆ. ರಾಯಚೂರಿಗೆ ಬರುವ ದಾರಿಯಲ್ಲಿ ಅದಕ್ಕೂ ಬಿಸಿಲು ಬಡಿದು ಎಲ್ಲೋ ಕೂತಿತ್ತೆಂದು ಕಾಣುತ್ತದೆ. ದೊಡ್ಡ ಡಾಕ್ಟರು, ಎಂದರೆ ಆಸ್ಪತ್ರೆಯ ಮಾಲೀಕರು, ನನ್ನನ್ನೂ ನನಗೆ ಕೆಲಸ ಕಲಿಸಿದ ಉಸ್ತಾದರನ್ನೂ ನಿಲ್ಲಿಸಿಕೊಂಡು ಓದಿ ಹೇಳಿದರು. ನಿಮ್ಮಿಬ್ಬರಲ್ಲಿ ಒಬ್ಬರಿಗಾದರೂ ಪರ್ಮಿಟ್ ಬರದಿದ್ದರೆ ಹೈದರಾಬಾದಿನ ಕಂಪನಿಯವರನ್ನು ಕರೆಸಬೇಕಾಗುತ್ತದೆ, ಇಬ್ಬರೂ ಬೇರೆ ಕೆಲಸ ನೋಡಿಕೊಳ್ಳಿ ಎಂದರು.

ಈ ಲಿಫ್ಟನ್ನು ಕೂರಿಸಿದವರೇ ಉಸ್ತಾದ್ ಸತ್ತಾರ್ ಸಾಬರು. ಹೈದರಾಬಾದಿನ ಯಾವುದೋ ಹೋಟೆಲಿನಿಂದ ತಂದ ಹಳೆಯ ಮಾಲು. ಹೋಟೆಲಿಗೆ ಬಂದವರು ನಿಂತು ಹೋಗುತ್ತಾರೆ, ಆಸ್ಪತ್ರೆಗೆ ಬಂದವರು ಮಲಗಿ ಹೋಗುತ್ತಾರೆ. ಸ್ಟ್ರೆಚರನ್ನು ಒಳಗೆ ತಳ್ಳಿದರೆ ಅದರ ಹಿಡಿಕೆ ನಾಲ್ಕು ಬೆರಳಿನಷ್ಟು ಬಾಗಿಲ ಹಳಿಯ ಮೇಲೆಯೇ ಉಳಿಯುತ್ತದೆ. ಸರಿಸಿ ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು ಮುಚ್ಚುವುದಿಲ್ಲ. ಬಾಗಿಲು ಮುಚ್ಚದೆ ಅದರ ಸ್ವಿಚ್ ಕೂಡುವುದಿಲ್ಲ. ಸ್ವಿಚ್ ಕೂಡದೆ ಲಿಫ್ಟ್ ಅಲುಗುವುದಿಲ್ಲ. ಹಾಗಾಗಿ ಉಸ್ತಾದರು ಮೊದಲ ವಾರದಲ್ಲೇ ಮೇಲಿನ ಮಷೀನ್ ಕೋಣೆಯ ಪೆಟ್ಟಿಗೆಯಲ್ಲಿ ಗೇಣುದ್ದದ ಕೆಂಪು ವೈರು ಹಾಕಿ ಆ ಸ್ವಿಚ್ಚನ್ನು ಸುಮ್ಮನಾಗಿಸಿದರು. ಅಂದಿನಿಂದ ಬಾಗಿಲು ತೆರೆದಿದ್ದರೂ ಲಿಫ್ಟ್ ಓಡುತ್ತದೆ. ಅದಕ್ಕೆ ಪ್ರತಿಯಾಗಿ ಒಂದು ರಿವಾಜು ಮಾಡಿದರು. ಸ್ಟ್ರೆಚರ್ ಹೋಗುವಾಗ ನಮ್ಮಿಬ್ಬರಲ್ಲಿ ಒಬ್ಬರು ಒಳಗಿರಲೇಬೇಕು. ಬಲಗೈಯನ್ನು ಬಾಗಿಲಿಗೆ ಅಡ್ಡ ಹಿಡಿದು, ಅಂಗೈಯಿಂದ ಹಿಡಿಕೆಯನ್ನು ಒಳಕ್ಕೆ ಒತ್ತಿಕೊಂಡು ನಿಲ್ಲಬೇಕು. ಎರಡು ಬೆರಳಿನ ಆಚೆ ಗೋಡೆ ಸರಿಯುತ್ತಿರುತ್ತದೆ. "ಗೇಟ್ ಇಲ್ಲಂದ್ರ ಕೈನ ಗೇಟು" ಎನ್ನುತ್ತಾರೆ. ಹನ್ನೊಂದು ವರ್ಷದಲ್ಲಿ ಒಬ್ಬ ರೋಗಿಗೂ ಗೀರು ಬಿದ್ದಿಲ್ಲ. ಈಗ ರಂಜಾನ್ ತಿಂಗಳು. ಈ ಬಿಸಿಲಲ್ಲಿ ಗುಟುಕು ನೀರಿಲ್ಲದೆ ಇವತ್ತು ಒಂಬತ್ತು ಸಲ ಹಾಗೆ ನಿಂತರು. ನಾನು ನಿಲ್ಲುತ್ತೇನೆ ಎಂದರೆ ಕೇಳಲಿಲ್ಲ.

ಜೂನ್ 24

ಅರ್ಜಿ ನಮೂನೆ ಬಂತು. ಹದಿನಾಲ್ಕು ಕಾಲಂ. ಹತ್ತನೆಯ ತರಗತಿ ಪಾಸಾಗಿರಬೇಕು, ವೈರ್‌ಮನ್ ಸರ್ಟಿಫಿಕೇಟು ಇರಬೇಕು. ಉಸ್ತಾದರು ಓದಿದ್ದು ಹೈದರಾಬಾದಿನಲ್ಲಿ ಮೂರನೆಯ ಜಮಾತಿನವರೆಗೆ, ಅದೂ ಉರ್ದುವಿನಲ್ಲಿ. ಅವರ ಮಾತು ಅಲ್ಲಿಗೇ ಮುಗಿಯಿತು. ಉಳಿದವನು ನಾನು.

ಒಂಬತ್ತನೆಯ ಕಾಲಂ: ಯಾವ ಪರ್ಮಿಟ್‌ದಾರನ ಕೈಕೆಳಗೆ ಕೆಲಸ ಕಲಿತಿರಿ? ನಾನು ಪೆನ್ಸಿಲ್ಲಿನಲ್ಲಿ ಉಸ್ತಾದರ ಹೆಸರು ಬರೆದೆ. ಡಾಕ್ಟರು ಅಳಿಸು ಎಂದರು. ಪರ್ಮಿಟ್ ಇಲ್ಲದವನ ಹತ್ತಿರ ಕಲಿತೆ ಎಂದರೆ ಕಲಿತೇ ಇಲ್ಲ ಎಂದು ಬರೆದಂತೆ. ನೀನು ಹನ್ನೊಂದು ವರ್ಷ ಸ್ವತಂತ್ರವಾಗಿ ಲಿಫ್ಟ್ ನೋಡಿಕೊಂಡಿದ್ದೀಯ ಎಂದು ನಾನೇ ಪತ್ರ ಕೊಡುತ್ತೇನೆ ಎಂದರು. ನನಗೆ ಮುಖ ಎತ್ತಲಾಗಲಿಲ್ಲ. ಉಸ್ತಾದರು ಪಕ್ಕದಲ್ಲೇ ಇದ್ದರು. ನಕ್ಕುಬಿಟ್ಟರು.

"ಅಳಿಸೋ ತಾಯಣ್ಣ. ನನ್ನ ಹೆಸರು ನಿನ್ನ ಕೈಯಾಗ ಅದ. ಕಾಗದದಾಗ ಯಾಕ ಬೇಕು?"

ಅಳಿಸಿದೆ. ಪೆನ್ಸಿಲ್ಲಿನ ಗುರುತು ಸ್ವಲ್ಪ ಉಳಿಯಿತು. ಅದರ ಮೇಲೆಯೇ 'ಸ್ವತಂತ್ರವಾಗಿ' ಎಂದು ಬರೆದೆ. ಮನಸ್ಸಿಗೆ ಬಹಳ ಕೆಟ್ಟದೆನಿಸಿತು.

ಜುಲೈ 3

ಪರ್ಮಿಟ್ ಪರೀಕ್ಷೆಗೆ ಓದು ನಡೆದಿದೆ. ನನ್ನ ಹೆಂಡತಿ ಗೋಪಮ್ಮ ರೊಟ್ಟಿ ಬಡಿಯುತ್ತ ಪುಸ್ತಕವನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಕೊಂಡು ಪ್ರಶ್ನೆ ಕೇಳುತ್ತಾಳೆ. ಅವಳಿಗೆ ಉತ್ತರಗಳು ನನಗಿಂತ ಮೊದಲೇ ಬಾಯಿಪಾಠ ಆಗಿವೆ. ತಪ್ಪಿದಾಗ ಲಟಪಟ ರೊಟ್ಟಿ ಬಡಿದು ತೋರಿಸುತ್ತಾಳೆ. ಪರ್ಮಿಟ್ ನನಗಿಂತ ಅವಳಿಗೇ ಬರಬೇಕು.

ಉಸ್ತಾದರು ಮೋಟಾರಿಗೆ ಸ್ಕ್ರೂಡ್ರೈವರಿನ ಮೊನೆ ತಾಗಿಸಿ ಹಿಡಿಯನ್ನು ಕಿವಿಗಿಟ್ಟುಕೊಂಡು, ಬೇರಿಂಗ್ ಇನ್ನೆಷ್ಟು ತಿಂಗಳು ಎಂದು ಹೇಳಿಬಿಡುತ್ತಾರೆ. ಆ ವಿದ್ಯೆ ಪುಸ್ತಕದಲ್ಲಿಲ್ಲ. ಪುಸ್ತಕದಲ್ಲಿರುವ ಎಷ್ಟೋ ಅವರ ಹತ್ತಿರವೂ ಇಲ್ಲ. ಲಿಫ್ಟನ್ನು ಎಳೆಯುವ ತಂತಿಹಗ್ಗದ ಎಷ್ಟು ಎಳೆ ಕಡಿದರೆ ಬದಲಿಸಬೇಕು ಎಂದು ಲೆಕ್ಕವಿದೆ ಎಂದಾಗ ಕಣ್ಣರಳಿಸಿ ಎರಡು ಸಲ ಹೇಳಿಸಿಕೊಂಡರು.

ಜುಲೈ 9. ಗುಲಬರ್ಗಾದಿಂದ ಬಂದು

ಬರವಣಿಗೆ ಸುಲಭವಿತ್ತು. ಮಧ್ಯಾಹ್ನ ಮೌಖಿಕ. ತೆಳ್ಳಗಿನ ಇನ್ಸ್‌ಪೆಕ್ಟರ್ ಸಾಹೇಬರು, ದಪ್ಪ ಕನ್ನಡಕ, ಕೂತಲ್ಲಿಂದ ಅಲುಗುವುದಿಲ್ಲ. ಬಾಗಿಲ ಸ್ವಿಚ್ ಕೆಟ್ಟಿದೆ, ರೋಗಿ ಕಾಯುತ್ತಿದ್ದಾನೆ, ಏನು ಮಾಡುತ್ತೀ ಎಂದು ಕೇಳಿದರು. ಮೇನ್ ತೆಗೆದು ಬೀಗ ಹಾಕುತ್ತೇನೆ, ಬೋರ್ಡ್ ತೂಗುಹಾಕುತ್ತೇನೆ, ಸರಿಪಡಿಸಿ, ದಾಖಲೆಯಲ್ಲಿ ಬರೆದು, ಆಮೇಲೆ ಓಡಿಸುತ್ತೇನೆ ಎಂದೆ. ವೈರು ಹಾಕಿ ಓಡಿಸುವುದಿಲ್ಲವೇ ಎಂದರು. "ಇಲ್ರೀ ಸರ್, ಎಂದೂ ಇಲ್ಲ" ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ.

ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದ್ದು: "ಇದು ನಿಮ್ಮ ಜಾಣತನಕ್ಕ ಕೊಡೋ ಕಾಗದ ಅಲ್ಲ. ನಿಮ್ಮ ಸಹಿ ನಂಬಿ ಗುರ್ತಿಲ್ಲದ ಮನುಷ್ಯ ಒಬ್ಬ ಒಳಗ ಕಾಲಿಡ್ತಾನ. ಅದಕ್ಕ ಕೊಡೋದು."

ಪಾಸಾದಂತೆಯೇ. ರೈಲಿನಲ್ಲಿ ನಿದ್ದೆ ಬಂತು, ವಾಡಿ ದಾಟಿದ್ದೇ ತಿಳಿಯಲಿಲ್ಲ.

ಜುಲೈ 28

ಪರ್ಮಿಟ್ ಅಂಚೆಯಲ್ಲಿ ಬಂತು. ನನ್ನ ಫೋಟೋದ ಮೇಲೆ ಅರ್ಧ ಮೊಹರು. ಉಸ್ತಾದರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಅವರ ಹೆಂಡತಿ ಮುನವ್ವರ್ ಬೀ ಮನೆಯಿಂದ ಸಿಹಿ ಕಳಿಸಿದ್ದರು. ಗೋಪಮ್ಮ ಪರ್ಮಿಟ್ಟಿಗೆ ಚೌಕಟ್ಟು ಹಾಕಿಸಬೇಕು ಎಂದಳು. ಅದು ಜೇಬಿನಲ್ಲಿರಬೇಕಾದ್ದು ಎಂದರೆ, ಹಾಗಾದರೆ ಒಳ್ಳೆಯ ಅಂಗಿ ಹೊಲಿಸಿಕೊಳ್ಳಿ ಎಂದಳು.

ಆಸ್ಪತ್ರೆಯ ಪಟ್ಟಿಯಲ್ಲಿ ಈಗ ಹೀಗಿದೆ: ಲಿಫ್ಟ್ ಮೆಕ್ಯಾನಿಕ್, ತಾಯಣ್ಣ. ಹೆಲ್ಪರ್, ಸತ್ತಾರ್ ಸಾಬ್. ಹಾಗೆ ಬರೆಯದಿದ್ದರೆ ಅವರನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಬರಿಯ ಕಾಗದದ ಮಾತು.

ಆಗಸ್ಟ್ 4

ಲಿಫ್ಟಿನ ತಪಾಸಣೆ ಆಯಿತು. ಬೆಳಿಗ್ಗೆ ಸತ್ತಾರ್ ಸಾಬರೇ ಹತ್ತಿ ಕೆಂಪು ವೈರು ಬಿಚ್ಚಿ ನನ್ನ ಕೈಗಿಟ್ಟರು. ಜೇಬಿಗೆ ಹಾಕಿಕೊಂಡೆ. ಅದೇ ಇನ್ಸ್‌ಪೆಕ್ಟರು. ಬಾಗಿಲು ತೆರೆದು ಗುಂಡಿ ಒತ್ತಿದರು, ಲಿಫ್ಟ್ ಅಲುಗಲಿಲ್ಲ. ಮುಚ್ಚಿ ಒತ್ತಿದರು, ಓಡಿತು. ಸ್ಟ್ರೆಚರ್ ಹೇಗೆ ಒಯ್ಯುತ್ತೀರಿ ಎಂದಾಗ, ಗಾಲಿಕುರ್ಚಿಯಲ್ಲಿ ಕೂರಿಸಿ ಎಂದೆ. ಕೂರಲಾರದವರನ್ನು ಎಂದು ಅವರು ಕೇಳಲಿಲ್ಲ. ದಾಖಲೆ ಪುಸ್ತಕ ತಿರುವಿ ಹಾಕಿ, ಇಷ್ಟು ಚಂದದ ಅಕ್ಷರವನ್ನು ಬೀದರಿನಿಂದ ಬಳ್ಳಾರಿಯವರೆಗೆ ಯಾವ ಮೆಕ್ಯಾನಿಕ್ಕಿನದೂ ನೋಡಿಲ್ಲ ಎಂದರು. ಡಾಕ್ಟರ ಎದುರಿಗೇ ಅಂದರು. ನರ್ಸುಗಳೂ ಇದ್ದರು.

ಅವರು ಹೋದ ಮೇಲೆ ಸತ್ತಾರ್ ಸಾಬರು ಒಂದು ಮಾತು ತೆಗೆದರು. ಇನ್ನು ಆ ವೈರು ಬೇಡ, ಸ್ಟ್ರೆಚರಿನ ಹಿಡಿಕೆಯನ್ನೇ ಕತ್ತರಿಸಿ ಕೀಲು ಹಾಕಿಸಿದರೆ ಮಡಚಬಹುದು, ಅಳತೆ ತೆಗೆದಿದ್ದೇನೆ ಎಂದು ಬೀಡಿ ಕಟ್ಟಿನ ಕಾಗದದ ಮೇಲೆ ಗೀಚಿದ್ದು ತೋರಿಸಿದರು. ಡಾಕ್ಟರಿಗೆ ಹೇಳುತ್ತೇನೆ ಎಂದೆ. ಅವರಿಗೆ ಪುರಸೊತ್ತಿರಲಿಲ್ಲ.

ಆಗಸ್ಟ್ 11

ಪಾರ್ವತೆಮ್ಮ ಎಂಬ ಮುದುಕಿಯನ್ನು ದೇವದುರ್ಗದಿಂದ ತಂದರು. ಸೊಂಟದ ಮೂಳೆ ಮುರಿದಿದೆ. ಆಪರೇಷನ್ ಕೋಣೆ ಮೂರನೆಯ ಮಹಡಿಯಲ್ಲಿ. ಕುರ್ಚಿಯಲ್ಲಿ ಕೂರುವ ಮಾತೇ ಇಲ್ಲ. ನಾಲ್ಕು ಆಳು ಚಾದರದಲ್ಲಿ ಹೊತ್ತು ಮೆಟ್ಟಿಲು ಹತ್ತಿಸಿದರು. ಪ್ರತಿ ತಿರುವಿನಲ್ಲೂ "ಯಪ್ಪಾ, ಇಲ್ಲೇ ಬಿಟ್ಟುಬಿಡ್ರಿ" ಎಂದು ಕೂಗಿಕೊಂಡಳು. ನಾನು ಬಾಗಿಲು ಮುಚ್ಚಿದ ಲಿಫ್ಟಿನ ಮುಂದೆ ನಿಂತಿದ್ದೆ. ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

ಲೈಸೆನ್ಸ್ ಬಂತು, ಲಿಫ್ಟ್ ಹೋಯಿತು ಎಂದು ಡಾಕ್ಟರು ಎಲ್ಲರಿಗೂ ಕೇಳುವಂತೆ ಹೇಳಿದರು.

ಆಗಸ್ಟ್ 16

ಹನ್ನೆರಡು ದಿನದಲ್ಲಿ ಹದಿನೇಳು ಜನರನ್ನು ಹೊತ್ತು ಹತ್ತಿಸಿದ್ದಾರೆ. ನಿನ್ನೆ ಒಬ್ಬ ಆಳು ಜಾರಿ ರೋಗಿಯ ಹೊಲಿಗೆ ಬಿಚ್ಚಿತು. ಡಾಕ್ಟರು ಇವತ್ತು ಕರೆದು, ಹೊಸ ಸ್ಟ್ರೆಚರ್ ದಸರಾ ನಂತರ ತರಿಸುತ್ತೇನೆ, ಅಲ್ಲಿಯವರೆಗೆ ಮೊದಲಿನ ಹಾಗೆ ನಡೆಸು ಎಂದರು.

ಜೇಬಿನಲ್ಲಿದ್ದ ಕೆಂಪು ವೈರನ್ನು ಮತ್ತೆ ಪೆಟ್ಟಿಗೆಗೆ ಹಾಕಿದೆ. ನಾನೇ ಹಾಕಿದೆ. ಸತ್ತಾರ್ ಸಾಬರು ಹಿಂದೆಯೇ ಹತ್ತಿಬಂದು ಅಡ್ಡ ನಿಂತಿದ್ದರು.

"ಬ್ಯಾಡೋ ತಾಯಣ್ಣ. ನಾ ಹಾಕಿದಾಗ ನನ್ನ ಹತ್ರ ಕಾಗದ ಇದ್ದಿಲ್ಲ. ಏನರ ಆದ್ರ ನನ್ನ ತಲಿ ಮ್ಯಾಲ ಅಂತ ಹಾಕಿದ್ದೆ. ಅದಕ್ಕ ಕೈ ಅಡ್ಡ ಹಿಡದೆ. ನೀ ಹಾಕೋದಿಲ್ಲ ಅಂತ ಮಾತು ಕೊಟ್ಟು ಬಂದೀ."

ಹಿಡಿಕೆಗೆ ಕೀಲು ಹಾಕಿಸೋಣ, ಎರಡು ದಿನ ತಡೆ ಎಂದರು. ಆಸ್ಪತ್ರೆಯ ಸಾಮಾನು ಕತ್ತರಿಸಲು ನಮಗೆ ಅಧಿಕಾರ ಎಲ್ಲಿದೆ ಎಂದೆ. ಇಷ್ಟಕ್ಕೂ ಪರ್ಮಿಟ್ ಇರುವವನು ನಾನು, ಯೋಚನೆ ಮಾಡುವವನೂ ನಾನೇ ಎಂದೆ. ಅವರು ಇಳಿದು ಹೋದರು. ಮೂರು ಗಂಟೆಯ ಸ್ಟ್ರೆಚರಿಗೆ ನೋಡುತ್ತೇನೆ, ಬಲಗೈ ಅಡ್ಡ ಹಿಡಿದು ನಿಂತಿದ್ದಾರೆ.

ದಾಖಲೆ ಪುಸ್ತಕದಲ್ಲಿ ಇವತ್ತಿನ ಸಾಲು: ಬಾಗಿಲ ಸ್ವಿಚ್ ಪರೀಕ್ಷಿಸಲಾಯಿತು. ಸರಿ ಇದೆ.

ಆಗಸ್ಟ್ 29. ಮಾನ್ವಿ

ಕೆಲಸ ಹೆಚ್ಚಿದೆ. ಸುತ್ತಮುತ್ತ ಪರ್ಮಿಟ್ ಇರುವವನು ನಾನೊಬ್ಬನೇ ಎಂದು ಸುದ್ದಿ ಹಬ್ಬಿದೆ. ಡಾಕ್ಟರು ವಾರಕ್ಕೆರಡು ದಿನ ಹೊರಗೆ ಹೋಗಲು ಬಿಟ್ಟಿದ್ದಾರೆ. ಮಾನ್ವಿಯಲ್ಲಿ ಅಕ್ಕಿ ಮಿಲ್ಲಿನ ಸಾಮಾನು ಲಿಫ್ಟ್, ದೇವದುರ್ಗದಲ್ಲಿ ಎಣ್ಣೆ ಮಿಲ್ಲಿನದು. ಬಸ್ ಇಳಿದರೆ ಸೈಕಲ್ ತಂದು ಕಾಯುತ್ತಾರೆ, "ಬರ್ರಿ ಸಾಹೇಬ್ರ" ಎನ್ನುತ್ತಾರೆ. ದೇವದುರ್ಗದಲ್ಲಿ ಮೇಲೆ ಹತ್ತುವ ಏಣಿ ಮುರಿದಿತ್ತು. ಹಗ್ಗ ಚೆನ್ನಾಗಿದೆ ಎಂದು ಅವರು ಹೇಳಿದರು, ಕೆಳಗಿನಿಂದ ನೋಡಿದರೂ ಚೆನ್ನಾಗಿಯೇ ಕಂಡಿತು. ಸಹಿ ಹಾಕಿದೆ.

ಆಸ್ಪತ್ರೆಯಲ್ಲಿ ಸ್ಟ್ರೆಚರ್ ಜೊತೆ ಹೋಗುವುದು ಹೆಲ್ಪರನ ಕೆಲಸ ಎಂದು ಗೊತ್ತು ಮಾಡಿದ್ದೇನೆ. ಎಲ್ಲ ಕೆಲಸಕ್ಕೂ ಒಂದು ಕ್ರಮವಿದ್ದರೆ ಒಳ್ಳೆಯದು. ನಾನು ಲಿಫ್ಟಿನಲ್ಲಿ ನಿಂತು ಎರಡು ವಾರವಾಯಿತು.

ಸೆಪ್ಟೆಂಬರ್ 6

ಮಾನ್ವಿಯಿಂದ ಬಸ್ಸಿಳಿದು ಬರುವಾಗ ಆಸ್ಪತ್ರೆಯ ಮುಂದೆ ಜನ ನಿಂತಿದ್ದರು.

ಹನ್ನೊಂದು ಗಂಟೆಗೆ ಸ್ಟ್ರೆಚರಿನ ಗಾಲಿಯ ತಡೆ ಬಿಟ್ಟುಕೊಂಡಿದೆ. ಲಿಫ್ಟ್ ಎರಡನೆಯ ಮಹಡಿ ದಾಟುತ್ತಿತ್ತು. ಹಿಡಿಕೆ ಹೊರಕ್ಕೆ ಜಾರಿ ಮಹಡಿಯ ಅಂಚಿಗೆ ಸಿಗುವುದರಲ್ಲಿತ್ತು. ಸತ್ತಾರ್ ಸಾಬರು ಅದನ್ನು ಒಳಕ್ಕೆ ನೂಕಿದ್ದಾರೆ. ಹಿಡಿಕೆ ಒಳಗೆ ಬಂತು, ಕೈ ಬರಲಿಲ್ಲ. ಅಂಚಿಗೂ ಲಿಫ್ಟಿನ ಹೊಸ್ತಿಲಿಗೂ ನಡುವೆ ಮುಂಗೈ ಸಿಕ್ಕಿತು. ರೋಗಿಗೆ ಏನೂ ಆಗಿಲ್ಲ. ಮಗು ಹೆರಲು ಬಂದಿದ್ದ ಜಾಹೆದಾ ಎಂಬ ಹುಡುಗಿ. ಮಧ್ಯಾಹ್ನ ಹೆರಿಗೆಯಾಯಿತು.

ಮಷೀನ್ ಕೋಣೆಗೆ ಹೋದೆ. ಪೆಟ್ಟಿಗೆಯಲ್ಲಿ ವೈರು ಇತ್ತು. ಬಿಚ್ಚಿದೆ. ಇನ್ನು ಬರೆಯಲಾರೆ.

ಸೆಪ್ಟೆಂಬರ್ 8

ಸತ್ತಾರ್ ಸಾಬರ ಮುಂಗೈಯ ಎರಡೂ ಮೂಳೆ ಕೂರಿಸಿ ಕಟ್ಟಿದ್ದಾರೆ. ಬೆರಳು ಆಡುತ್ತವೋ ಇಲ್ಲವೋ ಈಗಲೇ ಹೇಳಲಾಗದಂತೆ. ನೋಡಲು ಹೋಗಿದ್ದೆ. ನಿದ್ದೆಯಲ್ಲಿದ್ದರು. ಏಳುವ ಮೊದಲೇ ಬಂದುಬಿಟ್ಟೆ.

ಸೆಪ್ಟೆಂಬರ್ 12

ಇನ್ಸ್‌ಪೆಕ್ಟರು ಬಂದರು. ಡಾಕ್ಟರು ನನಗೇನೂ ತಿಳಿಯದು, ಪರ್ಮಿಟ್ ಇರುವವನು ತಾಯಣ್ಣ ಎಂದು ಹೇಳಿ ತಮ್ಮ ಕೋಣೆಗೆ ಹೋದರು. ಸತ್ತಾರ್ ಸಾಬರ ಮಂಚದ ಹತ್ತಿರವೇ ವಿಚಾರಣೆ. ನಾನು ಕಿಟಕಿಯ ಪಕ್ಕ ನಿಂತಿದ್ದೆ. ಬಾಗಿಲು ತೆರೆದೇ ಲಿಫ್ಟ್ ಓಡಿದೆ ಎಂದರೆ ವೈರು ಹಾಕಿರಲೇಬೇಕು, ಹಾಕಿದವರು ಯಾರು ಎಂದು ಇನ್ಸ್‌ಪೆಕ್ಟರು ಕೇಳಿದ್ದು ನನ್ನನ್ನು. ನಾನು ಬಾಯಿ ತೆರೆಯುವುದರೊಳಗೆ ಮಂಚದಿಂದ ಮಾತು ಬಂತು.

"ನಾನೇ ಹಾಕಿದೆನ್ರಿ ಸಾಹೇಬ್ರ. ತಾಯಣ್ಣ ತಗದಿದ್ದ. ಅವ ಊರಾಗ ಇಲ್ಲದಾಗ ಮತ್ತ ಹಾಕಿದೆ. ಹಳೇ ಚಾಳಿರಿ."

ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿ, ನಿನಗೆ ಗೊತ್ತಿತ್ತೇ ಎಂದರು.

ಗೊತ್ತಿರಲಿಲ್ಲ ಎಂದೆ.

ದಾಖಲೆ ಪುಸ್ತಕ ನೋಡಿದರು. ಆಗಸ್ಟ್ 16, ಸ್ವಿಚ್ ಸರಿ ಇದೆ. ಅಲ್ಲಿಂದ ಮುಂದೆ ಪ್ರತಿ ವಾರ ಸರಿ ಇದೆ. ತಲೆಯಾಡಿಸಿ ಪುಸ್ತಕ ಮುಚ್ಚಿದರು.

ಸೆಪ್ಟೆಂಬರ್ 13

ಊಟ ಸೇರಲಿಲ್ಲ.

ಸೆಪ್ಟೆಂಬರ್ 15

ಗೋಪಮ್ಮ ಏನಾಗಿದೆ ಎಂದು ಕೇಳಿದಳು. ತಲೆನೋವು ಎಂದೆ.

ಸೆಪ್ಟೆಂಬರ್ 27

ಗುಲಬರ್ಗಾದಿಂದ ಆದೇಶ. ಪರ್ಮಿಟ್‌ದಾರನ ತಪ್ಪು ಕಂಡುಬಂದಿಲ್ಲ. ಪರ್ಮಿಟ್ ಇಲ್ಲದ ಸತ್ತಾರ್ ಸಾಬರು ಸುರಕ್ಷಾ ಸ್ವಿಚ್ ಕೆಡಿಸಿದ್ದಕ್ಕೆ ಅವರ ಮೇಲೆ ಪ್ರಕರಣ, ಅಕ್ಟೋಬರ್ 12ರಂದು ರಾಯಚೂರು ಕೋರ್ಟಿಗೆ ಹಾಜರಾಗಬೇಕು. ಡಾಕ್ಟರು ಅವರನ್ನು ಕೆಲಸದಿಂದ ತೆಗೆದರು. ಆದೇಶದಂತೆ ಮಷೀನ್ ಕೋಣೆಯ ಬಾಗಿಲಿಗೆ ಬೋರ್ಡ್ ಹಾಕಬೇಕಾಗಿತ್ತು. ಪರ್ಮಿಟ್ ಇಲ್ಲದವರಿಗೆ ಪ್ರವೇಶವಿಲ್ಲ. ನಾನೇ ಬರೆದೆ. ಅಕ್ಷರ ಚೆನ್ನಾಗಿ ಬಂತು.

ಆ ಕೋಣೆಯ ಕಬ್ಬಿಣದ ಬಾಗಿಲನ್ನು ಹನ್ನೊಂದು ವರ್ಷದ ಹಿಂದೆ ಕೂರಿಸಿದವರು ಅವರು. ಅವತ್ತು ನಾನು ಸಿಮೆಂಟು ಕಲಸಿಕೊಟ್ಟಿದ್ದೆ. ಬೋರ್ಡಿಗೆ ಮೊಳೆ ಹೊಡೆಯುವಾಗ ಯಾಕೋ ಅದೇ ನೆನಪಾಗುತ್ತಿತ್ತು.

ಅಕ್ಟೋಬರ್ 3

ಇಷ್ಟು ದಿನ ಅವರ ಮನೆಯ ಬೀದಿಯನ್ನು ತಪ್ಪಿಸಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದೆ. ಇವತ್ತು ಮುನವ್ವರ್ ಬೀ ತರಕಾರಿ ಮಾರ್ಕೆಟ್ಟಿನಲ್ಲಿ ಎದುರಿಗೇ ಸಿಕ್ಕರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನೀನು ಬರಲಿಲ್ಲವೆಂದು ದಿನಾ ಬಾಗಿಲು ನೋಡುತ್ತಾರೆ ಎಂದರು. ಅವರ ಚೀಲ ಹಿಡಿದುಕೊಂಡು ಹಿಂದೆಯೇ ಹೋದೆ.

ಉಸ್ತಾದರು ಕಟ್ಟೆಯ ಮೇಲೆ ಕೂತಿದ್ದರು. ಕಟ್ಟು ಇನ್ನೂ ಬಿಚ್ಚಿಲ್ಲ. ಹೊರಗೆ ಕಾಣುವ ಬೆರಳುಗಳಲ್ಲಿ ಮೂರು ಮಡಚುವುದಿಲ್ಲ. ಚಹದ ಬಟ್ಟಲನ್ನು ಎಡಗೈಯಲ್ಲಿ ಹಿಡಿದರೆ ಅರ್ಧ ಚೆಲ್ಲುತ್ತದೆ. ಸ್ಕ್ರೂಡ್ರೈವರಿನಿಂದ ಮೋಟಾರಿನ ಮಾತು ಕೇಳುತ್ತಿದ್ದ ಕೈ ಅದು. ಮುನವ್ವರ್ ಬೀ ಗಂಡನ ಅಂಗಿಯ ಗುಂಡಿ ಹಾಕಿ ಒಳಗೆ ಹೋದರು. ನಾನು ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಅವರು ಬೇರೆಯೇ ಕೇಳಿದರು.

"ಈಗ ಮಂದಿನ ಹ್ಯಾಂಗ ಒಯ್ಯಾಕತ್ತೀರಿ? ಹಿಡಿಕಿ ಮಡಚಿಸಿದೆ ಏನು?"

ಇಲ್ಲ ಎಂದೆ. ಮೆಟ್ಟಿಲ ಮೇಲೆ ಹೊತ್ತೇ ಒಯ್ಯುತ್ತಿದ್ದಾರೆ ಎಂದೆ. ಅವರ ಮುಖ ಸಣ್ಣಗಾಯಿತು. ವಿಚಾರಣೆಯ ದಿನ ಮಂಚದ ಮೇಲೂ ಆ ಮುಖ ಅಷ್ಟು ಸಣ್ಣಗಾಗಿರಲಿಲ್ಲ. ಎಡಗೈಯಿಂದ ಜೇಬು ತಡಕಿ ಆ ಬೀಡಿ ಕಟ್ಟಿನ ಕಾಗದ ತೆಗೆದುಕೊಟ್ಟರು. ಅಂದಿನಿಂದಲೂ ಇಟ್ಟುಕೊಂಡಿದ್ದರು.

ಅಕ್ಟೋಬರ್ 5

ಯಾರನ್ನೂ ಕೇಳದೆ ಸ್ಟ್ರೆಚರನ್ನು ಸ್ಟೇಷನ್ ರಸ್ತೆಯ ವೆಲ್ಡಿಂಗ್ ಅಂಗಡಿಗೆ ತಳ್ಳಿಕೊಂಡು ಹೋದೆ. ದಾರಿಯುದ್ದಕ್ಕೂ ಜನ, ಯಾರು ಸತ್ತರು ಎಂದು ಕೇಳುತ್ತಿದ್ದರು. ಅಳತೆ ಒಂದು ಕೂದಲೂ ತಪ್ಪಿರಲಿಲ್ಲ. ಎರಡು ಗಂಟೆಯ ಕೆಲಸ. ಹಿಡಿಕೆ ಮಡಚಿದರೆ ಸ್ಟ್ರೆಚರ್ ಒಳಗೆ ಕೂರುತ್ತದೆ, ಬಾಗಿಲು ಪೂರ್ತಿ ಮುಚ್ಚುತ್ತದೆ, ಸ್ವಿಚ್ ತಾನಾಗಿ ಕೂಡುತ್ತದೆ. ಯಾರ ಕೈಯೂ ಬೇಕಿಲ್ಲ.

ಎರಡು ಗಂಟೆ. ಆಗಸ್ಟ್ ನಾಲ್ಕರಂದು ಅವರು ಹೇಳಿದಾಗ ಡಾಕ್ಟರಿಗೆ ಪುರಸೊತ್ತಿರಲಿಲ್ಲ ಎಂದು ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಈಗ ತಿರುವಿ ನೋಡಿದೆ. ಡಾಕ್ಟರನ್ನು ನಾನು ಕೇಳಿಯೇ ಇರಲಿಲ್ಲ. ಹದಿನಾರರಂದು ಎರಡು ದಿನ ತಡೆ ಎಂದರು, ಆಗಲೂ ಕೇಳಲಿಲ್ಲ. ಒಳಗೆ ಕೂತು ಅತ್ತೆ. ಗೋಪಮ್ಮ ಬಂದಳು. ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ.

"ಕೋರ್ಟಿನ ತಾರೀಖು, ಹನ್ನೆರಡು, ಯಾವ ವಾರ ಬರ್ತದ್ರಿ?"

ಬುಧವಾರ ಎಂದೆ.

ಅಕ್ಟೋಬರ್ 8

ದೇವದುರ್ಗಕ್ಕೆ ಹೋಗಿ ಏಣಿ ತರಿಸಿಕೊಂಡು ಮೇಲೆ ಹತ್ತಿದೆ. ಹಗ್ಗದಲ್ಲಿ ಹನ್ನೆರಡು ಎಳೆ ಕಡಿದಿವೆ. ಲಿಫ್ಟಿಗೆ ಬೀಗ ಹಾಕಿಸಿ ಬಂದೆ. ಮಾಲೀಕರು ಸಾಹೇಬ್ರ ಎನ್ನಲಿಲ್ಲ, ಸೈಕಲ್ಲೂ ಕೊಡಲಿಲ್ಲ. ಬಸ್ ನಿಲ್ದಾಣದವರೆಗೆ ನಡೆದೆ.

ಅಕ್ಟೋಬರ್ 10

ನಾಳೆ ಗುಲಬರ್ಗಾಕ್ಕೆ ಹೋಗಿ ಇನ್ಸ್‌ಪೆಕ್ಟರಿಗೆ ನಿಜ ಹೇಳುತ್ತೇನೆ ಎಂದು ಉಸ್ತಾದರಿಗೆ ಹೇಳಿಬಂದೆ. ಮೊದಲ ಸಲ ನನ್ನ ಮೇಲೆ ಸಿಟ್ಟಾದರು.

"ಹುಚ್ಚ ಇದ್ದೀ ಏನು? ನನ್ನ ಹತ್ರ ಕಳಕೊಳ್ಳಾಕ ಕಾಗದ ಇಲ್ಲ. ಇದ್ದದ್ದು ಕೈ, ಅದು ಹೋತು. ನಿನ್ನದರ ಉಳೀಲಿ ಅಂದೆ."

ನನ್ನ ಕೈ ಉಳಿಯಬೇಕಾದರೆ ಅದರಿಂದ ಬರೆದ ಸುಳ್ಳು ಹೋಗಬೇಕು ಎಂದು ಹೇಳಬೇಕೆಂದಿದ್ದೆ. "ಹೋಗಿ ಬರ್ತೀನ್ರಿ ಉಸ್ತಾದ್" ಎಂದಷ್ಟೇ ಹೇಳಿ ಕಾಲು ಮುಟ್ಟಿದೆ. ತಲೆಯ ಮೇಲೆ ಎಡಗೈ ಇಟ್ಟರು, ಅಭ್ಯಾಸವಿಲ್ಲದ ಕೈ, ಭಾರವಾಗಿ ಬಿತ್ತು.

ಅಕ್ಟೋಬರ್ 11. ಬೆಳಿಗ್ಗೆ

ರೈಲು ಏಳೂವರೆಗೆ. ಗೋಪಮ್ಮ ರೊಟ್ಟಿ ಕಟ್ಟಿದ್ದಾಳೆ. ಪರ್ಮಿಟ್ ಅಂಗಿಯ ಜೇಬಿನಲ್ಲಿದೆ, ಬರುವಾಗ ಇರುವುದಿಲ್ಲ. ಆಸ್ಪತ್ರೆಯ ಕೆಲಸವೂ ಇರುವುದಿಲ್ಲ. ಕೋರ್ಟಿನಲ್ಲಿ ನಾಳೆ ಅವರ ಬದಲು ನಾನು ನಿಲ್ಲಬೇಕಾದೀತು. ಹೆದರಿಕೆಯಾಗುತ್ತಿದೆ.

ಚೀಲದಲ್ಲಿ ಎರಡೂ ಕೆಂಪು ಪುಸ್ತಕ ಇಟ್ಟಿದ್ದೇನೆ. ಎರಡರಲ್ಲೂ ಆಗಸ್ಟ್ 16ರ ಪುಟದ ಮೂಲೆ ಮಡಚಿದ್ದೇನೆ. ಒಂದರಲ್ಲಿ ಸ್ವಿಚ್ ಸರಿ ಇದೆ. ಇನ್ನೊಂದರಲ್ಲಿ ವೈರು ನಾನೇ ಹಾಕಿದೆ. ಇನ್ಸ್‌ಪೆಕ್ಟರಿಗೆ ಯಾರನ್ನೂ ಸಾಕ್ಷಿ ಕೇಳುವ ಕೆಲಸವಿಲ್ಲ. ಎರಡರ ಅಕ್ಷರವೂ ಒಂದೇ, ಅದನ್ನು ಅವರೇ ಹೊಗಳಿದ್ದಾರೆ.

ತಪ್ಪೊಪ್ಪಿಗೆಯನ್ನು ಬೇರೆ ಹಾಳೆಯಲ್ಲಿ ಬರೆದಾಯಿತು. ಸಹಿ ಹಾಕುವ ಮೊದಲು, ಯಾರೂ ಕೇಳದಿದ್ದರೂ, ಕೊನೆಗೆ ಒಂದು ಸಾಲು ಸೇರಿಸಿದೆ. ಒಂಬತ್ತನೆಯ ಕಾಲಂ: ಕೆಲಸ ಕಲಿತದ್ದು ಸತ್ತಾರ್ ಸಾಬರ ಕೈಕೆಳಗೆ, ಹನ್ನೊಂದು ವರ್ಷ. ಪೆನ್ನಿನಲ್ಲಿ ಬರೆದಿದ್ದೇನೆ.